ಎರಡನೆಯ ಪ್ರೊಸೆಸರಿನ ಅಂಕಿ

ನನ್ನ ಎಂಜಿನಿಯರಿಂಗ್ ಅಂಕಪಟ್ಟಿಗಳೆಲ್ಲ ಹೊಸಪೇಟೆಯ ಸ್ಟೇಷನ್ ರಸ್ತೆಯ ಒಂದು ಕಬ್ಬಿಣದ ಬೀರುವಿನಲ್ಲಿದ್ದವು. ಬೀರು ನಮ್ಮ ಮಾಲೀಕರದು, ಬೀಗದ ಕೈ ಅವರ ಉಡಿದಾರದಲ್ಲಿ. ಕೆಲಸಕ್ಕೆ ಸೇರುವಾಗ ಅಸಲು ಪ್ರತಿಗಳನ್ನು ಒಪ್ಪಿಸಿದರೆ ಮೂರು ವರ್ಷ ಅಲುಗಾಡುವಂತಿಲ್ಲ; ಆಗ ಎಷ್ಟೋ ಸಣ್ಣ ಕಂಪನಿಗಳಲ್ಲಿ ಅದೇ ಪದ್ಧತಿ. ನಾನೂ ನಗುನಗುತ್ತಲೇ ಒಪ್ಪಿಸಿದ್ದೆ. ಎರಡನೇ ವರ್ಷಕ್ಕೇ ಉಸಿರುಕಟ್ಟತೊಡಗಿತು. ಬಳ್ಳಾರಿಯ ಕಾಲೇಜೊಂದರಿಂದ ಉಪನ್ಯಾಸಕಿ ಹುದ್ದೆಯ ಸಂದರ್ಶನಕ್ಕೆ ಪತ್ರ ಬಂದಾಗ, ಅಸಲು ಪ್ರತಿ ಇಲ್ಲದೆ ಬರಬೇಡಿ ಎಂದು ಅದರಲ್ಲೇ ಬರೆದಿತ್ತು. ಮಾಲೀಕರು ಷರತ್ತು ಹಾಕಿದರು: ಸಂದರ್ಶನದ ಹಿಂದಿನ ದಿನ ಸಂಡೂರಿನ ಗಣಿಗೆ ಹೋಗಿ ಹೊಸ ಬೆಲ್ಟಿಗೆ ನಮ್ಮ ಕಂಪನಿಯ ನಿಯಂತ್ರಣ ಪೆಟ್ಟಿಗೆ ಕೂರಿಸಬೇಕು, ಸಂಜೆ ಆರರೊಳಗೆ ವಾಪಸು ಬಂದರೆ ಪ್ರತಿಗಳು ಕೈಗೆ. ಗುಡ್ಡದಿಂದ ಇಳಿಯಲು ನಾಲ್ಕು ಗಂಟೆಗೆ ಹೊರಡುವ ಜೀಪೊಂದೇ.

ಬೆಲ್ಟ್ ಎಂದರೆ ಅದಿರನ್ನು ಲಾರಿಗಳ ತನಕ ಹೊತ್ತು ತರುವ ಉದ್ದನೆಯ ರಬ್ಬರ್ ಪಟ್ಟಿ. ನಮ್ಮ ಪೆಟ್ಟಿಗೆಯಲ್ಲಿ ಎರಡು ಪ್ರೊಸೆಸರ್‌ಗಳು. ಮೊದಲನೆಯದು ಬೆಲ್ಟ್ ತಿರುಗಿಸುತ್ತದೆ. ಎರಡನೆಯದು ಬೆಲ್ಟಿನ ಪಕ್ಕದ ಹಗ್ಗವನ್ನು ಕಾಯುತ್ತದೆ. ಕೈಯೋ ಸೆರಗೋ ಸಿಕ್ಕಿ ಯಾರಾದರೂ ಹಗ್ಗ ಎಳೆದರೆ ಬೆಲ್ಟ್ ತಕ್ಷಣ ನಿಲ್ಲಬೇಕು. ಪೆಟ್ಟಿಗೆಯ ಆಪರೇಟಿಂಗ್ ಸಿಸ್ಟಂಗೆ ತನ್ನೊಳಗೆ ಏನೇನಿದೆ ಎಂಬುದು ತಾನಾಗಿ ತಿಳಿಯದು. ಅದರ ತಿರುಳಾದ ಕರ್ನೆಲ್ ಏಳುವಾಗ ನಾವು ಬರೆದುಕೊಟ್ಟ ವಿವರಣೆಯ ಕಡತವನ್ನು ಓದುತ್ತದೆ, ಓದಿದ್ದನ್ನು ನಂಬುತ್ತದೆ.

ಆ ಕಡತವನ್ನು ಪರೀಕ್ಷಿಸುವ ಪ್ರೋಗ್ರಾಂ ಒಂದಿತ್ತು. ಬರೀ ತಕರಾರು. ಹಳೆಯ ಪೆಟ್ಟಿಗೆಯ ಕಡತವನ್ನೇ ಎತ್ತಿಕೊಂಡು ತಿದ್ದುವುದು ನಮ್ಮಲ್ಲಿ ರೂಢಿ, ಹಾಗಾಗಿ ಹಳೆಯ ತಕರಾರುಗಳೂ ಬಳುವಳಿಯಾಗಿ ಬರುತ್ತಿದ್ದವು. ಅವನ್ನು ಓದದೆ, ಏನಿದ್ದರೂ ಮುಂದುವರಿ ಎಂಬ ಆಯ್ಕೆ ಒತ್ತಿ ಕೆಲಸ ಮುಗಿಸುವುದನ್ನು ಆಫೀಸಿಗೆಲ್ಲ ಕಲಿಸಿದವಳು ನಾನೇ. ಜಾಣೆ ಎಂದು ಹೊಗಳಿಸಿಕೊಂಡೂ ಇದ್ದೆ.

ಅಂದು ಗಣಿಯಲ್ಲಿ ಪೆಟ್ಟಿಗೆ ಏಳಲಿಲ್ಲ. ಎರಡನೆಯ ಪ್ರೊಸೆಸರನ್ನು ಎಬ್ಬಿಸುತ್ತಿದ್ದೇನೆ ಎಂಬ ಸಾಲಿಗೆ ಬಂದು ಪರದೆ ನಿಂತುಬಿಡುತ್ತಿತ್ತು. ತಗಡಿನ ಕ್ಯಾಬಿನ್, ಕೆಂಪು ಧೂಳಿಗೆ ಹೆದರಿ ಮುಚ್ಚಿದ ಕಿಟಕಿ, ಹೊರಗೆ ಲಾರಿಗಳ ಹಾರನ್ನು. ಗಳಿಗೆಗೊಮ್ಮೆ ಸೂಪರ್‌ವೈಸರ್ ಬಾಗಿಲು ಬಡಿಯುತ್ತಿದ್ದ. "ಮೇಡಂ, ಲೋಡ್ ಆಗೋ ತನ ನಿಮ್ಮನ್ನ ಇಲ್ಲಿಂದ ಬಿಡಂಗಿಲ್ಲ ನೋಡ್ರಿ," ಎಂದ. ತಮಾಷೆಗೆ ಅಂದಿದ್ದನೋ ಏನೋ, ನನಗೆ ಅಳು ಬಂತು.

ಎರಡು ಗಂಟೆಗೆ ಮಾಲೀಕರಿಗೆ ಫೋನ್ ಮಾಡಿದೆ. "ಹ್ವಾದ ತಿಂಗಳ ಕೆಳಗಿನ ಬೆಲ್ಟಿಗೆ ಏನ್ ಮಾಡಿದ್ದಿ? ಹಂಗ ಮಾಡವ್ವ. ಆ ಎರಡ್ನೇದನ್ನ ಕಡತದಾಗಿಂದ ತೆಗದು ಒಗಿ. ಬೆಲ್ಟ್ ತಿರುಗಿದ್ರ ಸಾಕು, ಜಲ್ದಿ ಬಾ," ಎಂದರು.

ಹೌದು, ಹೋದ ತಿಂಗಳು ಇದೇ ಗಣಿಯ ಕೆಳಗಿನ ಬೆಲ್ಟಿನಲ್ಲೂ ಹೀಗೇ ಆಗಿತ್ತು, ಹಾಗೇ ಮಾಡಿದ್ದೆ. ಮುಂದಿನ ವಾರ ಸರಿಪಡಿಸಿದರಾಯಿತು ಅಂದುಕೊಂಡು ಮರೆತೂ ಇದ್ದೆ. ಈಗಲೂ ತೆಗೆದೆ. ಬೆಲ್ಟ್ ತಿರುಗಿತು. ಸೂಪರ್‌ವೈಸರ್ ಚಹಾ ತರಿಸಿದ. ನಾನು ಬ್ಯಾಗು ಕಟ್ಟುತ್ತಿದ್ದೆ. ಸಂದರ್ಶನಕ್ಕೆ ಯಾವ ಸೀರೆ ಉಡುವುದೆಂಬ ಯೋಚನೆ.

ಬೆಲ್ಟಿನ ಕೆಳಗೆ ಉದುರಿದ ಅದಿರು ಬಳಿಯುವ ಹೆಂಗಸು ಸಲಿಕೆ ಹಿಡಿದು ಬಂದಳು. ನನ್ನದೇ ವಯಸ್ಸು. ಸೆರಗು ಬಿಗಿದುಕೊಂಡು, ಬಗ್ಗುವ ಮುನ್ನ ಹಗ್ಗವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಅಷ್ಟೇ. ಆ ಹಗ್ಗವನ್ನು ಕಾಯುವುದನ್ನೇ ನಾನು ಕಡತದಿಂದ ತೆಗೆದು ಹಾಕಿದ್ದೆ. "ನಿಲ್ಲಸ್ರಿ!" ಎಂದು ಕಿರುಚಿದೆ. ಸೂಪರ್‌ವೈಸರ್ ಬೈದ, ನಾನೂ ಬೈದೆ, ಬೆಲ್ಟ್ ನಿಂತಿತು.

ಆ ಹೊತ್ತಿಗೆ ಮೂರೂಕಾಲು. ತೆಗೆದದ್ದನ್ನು ಮತ್ತೆ ಸೇರಿಸಿ, ಮೊದಲ ಬಾರಿಗೆ ತಕರಾರುಗಳನ್ನು ಒಂದೊಂದಾಗಿ ಓದುತ್ತ ಕುಳಿತೆ. ಹೆಚ್ಚೇನೂ ಓದಬೇಕಾಗಲಿಲ್ಲ. ನಾಲ್ಕನೆಯದರಲ್ಲೇ ಇತ್ತು: ಎರಡು ಪ್ರೊಸೆಸರ್‌ಗಳಿಗೂ ಒಂದೇ ಗುರುತಿನ ಅಂಕಿ. ಮೊದಲನೆಯದರ ವಿವರವನ್ನು ಕೆಳಗೆ ಮತ್ತೊಮ್ಮೆ ಅಂಟಿಸಿದ್ದೆ, ಸೊನ್ನೆಯನ್ನು ಒಂದು ಮಾಡುವುದನ್ನು ಮರೆತಿದ್ದೆ. ಕರ್ನೆಲ್ ಪಾಪ, ಎದ್ದು ಕೂತವನನ್ನೇ ಏಳು ಏಳು ಎಂದು ಕರೆಯುತ್ತಿತ್ತು. ಅಂಕಿ ತಿದ್ದಿದೆ. ಎರಡೂ ಎದ್ದವು, ಬೆಲ್ಟ್ ತಿರುಗಿತು.

ಆಕೆಗೆ ಹಗ್ಗ ಎಳೆಯಲು ಹೇಳಿದೆ. ಎರಡೂ ಕೈಯಿಂದ ಹಿಡಿದು, ಕಾಲು ಊರಿ ನಿಂತಳು. ಇನ್ನೂ ಪೂರ್ತಿ ಎಳೆದಿರಲಿಲ್ಲ, ಬೆಲ್ಟ್ ನಿಂತಿತು. ಆಕೆ ತನ್ನ ಕೈಗಳನ್ನೇ ನೋಡಿಕೊಂಡಳು.

"ಇಷ್ಟಕ್ಕ ನಿಂತತೇನ್ರಿ ಮೇಡಂ? ಕೆಳಗಿನ ಬೆಲ್ಟಿನಾಗ ನಮ್ಮ ನೆಗೆಣ್ಣಿ ಸೀರಿ ಸಿಕ್ಕಿದಾಗ ನಾವಿಬ್ರೂ ಜೋತುಬಿದ್ದು ಜಗ್ಗಿದ್ವಿರಿ. ನಿಲ್ಲಲೇ ಇಲ್ಲ. ಪುಣ್ಯ, ಸೀರಿ ಹರದು ಬಂತು. ನಮ್ಮ ಕೈಯಾಗ ಕಸುವಿಲ್ಲ ಅಂತ ತಿಳ್ಕೊಂಡು ಸುಮ್ನಿದ್ವಿ."

ಜೀಪಿನವನು ಹಾರನ್ ಹೊಡೆದ. "ಮೇಡಂ, ಬರ್ತೀರೋ ಇಲ್ಲೋ?" ಹೋಗಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಕಾಲು ಮಾತ್ರ ಏಳಲಿಲ್ಲ. "ನೀವು ಹೋಗ್ರಿ," ಎಂದೆ. ಬಳ್ಳಾರಿ ಅಲ್ಲಿಗೆ ಮುಗಿಯಿತು.

ಕೆಳಗಿನ ಬೆಲ್ಟನ್ನೂ ನಿಲ್ಲಿಸಬೇಕೆಂದಾಗ ಸೂಪರ್‌ವೈಸರ್ ಹಣೆ ಚಚ್ಚಿಕೊಂಡ. "ಅದಕ್ಕೇನಾಗೇತ್ರಿ, ತಿಂಗಳಿಂದ ಮಸ್ತ್ ಓಡಾಕತ್ತೇತಿ!" ಆ ಹೆಂಗಸು ಪಕ್ಕದಲ್ಲೇ ನಿಂತಿದ್ದಳು. "ಅದರ ಹಗ್ಗ ಕಾಯೋದನ್ನ ಹೋದ ತಿಂಗಳು ನಾನೇ ತೆಗೆದೀನಿ," ಎಂದೆ.