ಸಹಿ ಬಿದ್ದ ಮೇಲಿನ ಆರು ಗಂಟೆ

ಮೊದಲನೆಯ ಮಹಾಯುದ್ಧ ಹನ್ನೊಂದನೇ ತಿಂಗಳ ಹನ್ನೊಂದನೇ ತಾರೀಕು ಹನ್ನೊಂದು ಗಂಟೆಗೆ ಮುಗಿಯಿತೆಂದು ಮೈಸೂರಿನ ಶಾಲೆಯಲ್ಲಿ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತೆಗೆದುಕೊಂಡವಳು ನಾನು. ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಳಗಿನ ಜಾವ ಐದಕ್ಕೆ, ನಡುವಿನ ಆರು ಗಂಟೆಯಲ್ಲೂ ಹುಡುಗರನ್ನು ಗುಂಡಿಗೆ ಎದುರಾಗಿ ಅಟ್ಟಿದರು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಅದನ್ನು ಹೇಳಿದವರು ಐರ್ಲೆಂಡಿನ ಬಂದರು ಊರಾದ ಡನ್ ಲಿಯರಿಯ ಒಂದು ವೃದ್ಧಾಶ್ರಮದಲ್ಲಿ ನಾನು ಸ್ನಾನ ಮಾಡಿಸುತ್ತಿದ್ದ ನೂರಾ ಒಂದು ವರ್ಷದ ಅಜ್ಜಿ.

ನಾನು ಅಲ್ಲಿ ಮಾಸ್ಟರ್ಸ್ ಮುಗಿಸುವ ಹೊತ್ತಿಗೆ ಸರಿಯಾಗಿ ಕೊರೊನಾ ವಕ್ಕರಿಸಿತ್ತು. ಓದಿಗೆ ತಕ್ಕ ಕೆಲಸ ಒಂದೂ ಇರಲಿಲ್ಲ, ಮುದುಕರನ್ನು ನೋಡಿಕೊಳ್ಳಲು ಮಾತ್ರ ಕರೆದು ಕೊಡುತ್ತಿದ್ದರು. ಈ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಿದ್ದವರಿಗೆ ಆ ವರ್ಷ ಎಲ್ಲರ ತುಟಿಯೂ ಮಾಸ್ಕಿನ ಹಿಂದೆ ಹೋಯಿತು. ನಾವು ಸಣ್ಣ ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆವು. ಒಬ್ಬನೇ ಮಗ ದೂರದ ಕಿಲ್ಕೆನ್ನಿ ಊರಿನಲ್ಲಿ, ಲಾಕ್‌ಡೌನಿನಿಂದ ಬರುವ ಹಾಗಿರಲಿಲ್ಲ. ವಿಡಿಯೋದಲ್ಲಿ ಅವನ ಬಾಯಿ ತಡೆತಡೆದು ಆಡುತ್ತಿತ್ತು. ಅಜ್ಜಿ ತಮಗೆ ಹೇಳಬೇಕಾದ್ದನ್ನು ಹೇಳಿ, ಸಿಟ್ಟಿನಿಂದ ಫೋನನ್ನು ಮಗುಚಿಡುತ್ತಿದ್ದರು. ಮಗನನ್ನು ಒಮ್ಮೆ ಎದುರಿಗೆ ಕೂರಿಸಿಕೊಂಡು ನೋಡಬೇಕು, ಅವರಿಗಿದ್ದದ್ದು ಅದೊಂದೇ ಆಸೆ.

ಲಸಿಕೆ ಸಿದ್ಧವಾಗಿದೆ ಎಂದು ಟೀವಿಯಲ್ಲಿ ಬಂದ ದಿನ ನಾನು ಹಲಗೆಯ ಮೇಲೆ ‘ಮುಗಿಯಿತು’ ಎಂದು ದೊಡ್ಡದಾಗಿ ಬರೆದೆ. ಅವರು ಅದನ್ನು ಕಿತ್ತುಕೊಂಡು ತೋಳಿನಿಂದ ಒರೆಸಿಬಿಟ್ಟರು.

ಆಮೇಲೆ ಹೇಳಿದರು. ಕಿಟಕಿಯಿಂದ ಕಾಣುವ ಅದೇ ಬಂದರಿನಿಂದ ಅವರ ಅಪ್ಪ ಯುದ್ಧಕ್ಕೆ ಹಡಗು ಹತ್ತಿದ್ದು. ಕದನ ನಿಂತಿತೆಂದು ಹಡಗುಗಳೆಲ್ಲ ಸಿಳ್ಳೆ ಹಾಕಿದ ದಿನ, ಬಸುರಿ ಅಮ್ಮ ಗಂಡನ ಒಳ್ಳೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹಾಕಿದರಂತೆ. ಕೋಟು ಹಾಗೇ ನೇತಾಡುತ್ತಿರುವಾಗ ಕಾಗದ ಬಂತು. ಅಪ್ಪ ಆ ಬೆಳಿಗ್ಗೆಯೇ, ಒಂಬತ್ತೂವರೆಗೆ, ಒಂದು ಸೇತುವೆಯ ಹತ್ತಿರ ಸತ್ತಿದ್ದ. ಮೇಲಿನವರಿಗೆ ಎಲ್ಲ ಗೊತ್ತಿತ್ತು.

“ಸಹಿ ಆಗಿದೆ ಅಷ್ಟೇ ಮಗಳೇ, ಹನ್ನೊಂದು ಆಗಿಲ್ಲ” ಎಂದರು ಅಜ್ಜಿ. ನನಗೆ ರೇಗಿತು. ಒಳ್ಳೆಯ ದಿನ ಎಂಥ ಮಾತು ಎಂದು ಗೊಣಗಿಕೊಂಡೇ ಹಾಸಿಗೆ ಸರಿಮಾಡಿದೆ.

ಜನವರಿಯಲ್ಲಿ ಊರಿಗೆ ಊರೇ ಕೊರೊನಾದಿಂದ ಮಲಗಿತ್ತು. ಆದರೂ ನಮ್ಮ ಆಶ್ರಮಕ್ಕೆ ಲಸಿಕೆಯ ತಾರೀಕು ಬಂತು, ಇನ್ನು ಹತ್ತೇ ದಿನ. ಅಂದು ಸಂಕ್ರಾಂತಿ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಬೆಂಗಳೂರಿನ ಗೆಳತಿ, “ಲೇ, ಮುಗೀತು ಕಣೇ, ಇನ್ನೆಲ್ಲಾ ಗ್ರ್ಯಾಂಡ್” ಎಂದು ಎಳ್ಳುಬೆಲ್ಲದ ಡಬ್ಬಿ ಕಟ್ಟಿಕೊಟ್ಟಳು. ಕೊಬ್ಬರಿ, ಕಡ್ಲೆಕಾಯಿ ಅಜ್ಜಿಯ ವಸಡಿಗೆ ಆಗದು. ಅವರಿಗೆಂದು ಗಿಳಿಯ ಆಕಾರದ ಒಂದು ಸಕ್ಕರೆ ಅಚ್ಚನ್ನು ಎತ್ತಿಟ್ಟುಕೊಂಡೆ.

ಎಳ್ಳು ಬೀರುವಾಗ ಎದುರಿಗಿದ್ದವರಿಗೆ ಒಂದು ಒಳ್ಳೆಯ ಮಾತು ಹೇಳಬೇಕು. ಅದನ್ನು ಹಲಗೆಯ ಮೇಲೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಬಾಗಿಲು ಮುಂದೆ ಮಾಡಿ, ಮಾಸ್ಕನ್ನು ಗಲ್ಲಕ್ಕೆ ಎಳೆದು, ಹತ್ತಿರ ಬಾಗಿ, “ಇನ್ನು ಹತ್ತು ದಿನ. ಆಮೇಲೆ ನಿಮ್ಮ ಮಗ ಬರ್ತಾನೆ” ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ. ಅಜ್ಜಿ ನನ್ನ ತುಟಿಯನ್ನೇ ನೋಡಿದರು. ನನ್ನ ಹಲ್ಲು ಸೊಟ್ಟ ಎಂದು ನಕ್ಕರು. ಗಿಳಿಯ ಬಾಲ ಮುರಿದು ಬಾಯಿಗಿಟ್ಟುಕೊಂಡರು, ಉಳಿದದ್ದನ್ನು ನಾನು ತಿಂದೆ. ಸ್ವಲ್ಪ ಹೊತ್ತಿಗೆ ಅವರೇ ನನ್ನ ಮಾಸ್ಕನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, “ಸಾಕು, ಹನ್ನೊಂದು ಆಗಿಲ್ಲ” ಎಂದರು.

ಮಾರನೆಯ ದಿನ ಸಂಜೆ ನನಗೆ ಮೈ ಕಾದಿತು. ಟೆಸ್ಟ್ ಪಾಸಿಟಿವ್. ಎಲ್ಲಿಂದ ಅಂಟಿಸಿಕೊಂಡಿದ್ದೆನೋ ಗೊತ್ತಿಲ್ಲ. ನಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ ನಾಲ್ಕನೇ ದಿನಕ್ಕೆ ಅಜ್ಜಿಗೂ ಬಂತು. ಲಸಿಕೆ ಹಾಕುವವರು ಬರುವ ಹಿಂದಿನ ದಿನ ಹೋಗಿಬಿಟ್ಟರು. ಮಗನನ್ನು ಕೊನೆಗೂ ಒಳಗೆ ಬಿಟ್ಟರಂತೆ, ಕಣ್ಣೊಂದು ಬಿಟ್ಟು ಮೂಗು ಬಾಯೆಲ್ಲ ಮುಚ್ಚಿ. ತಾಯಿ ಅವನನ್ನು ಗುರುತಿಸಿದರೋ ಇಲ್ಲವೋ ಯಾರೂ ಹೇಳಲಿಲ್ಲ.

“ಇನ್ನೂ ನಾಲ್ಕು ಜನಕ್ಕೆ ಬಂದಿದೆ, ಯಾರಿಂದ ಅಂತ ಹೇಳೋದು? ತಲೆ ಕೆಡಿಸಿಕೊಳ್ಳಬೇಡ” ಎಂದು ಮೇಲ್ವಿಚಾರಕಿ ಫೋನಿನಲ್ಲಿ ಸಮಾಧಾನ ಮಾಡಿದಳು. ಆ ಬಾಗಿಲ ಹಿಂದೆ ನಾನು ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಎರಡು ವಾರದ ಮೇಲೆ ಮಗ ಫೋನ್ ಮಾಡಿದ. ಅರವತ್ತು ದಾಟಿದ ಮನುಷ್ಯ, ಮೆಲ್ಲನೆ ಮಾತಾಡಿದ.

“ಅಮ್ಮ ನನ್ನ ಜೊತೆ ಫೋನಿನಲ್ಲಿ ಕೊನೆಯ ಸಲ ಮಾತಾಡಿದ್ದು ನಿಮ್ಮ ಬಗ್ಗೆ. ವರ್ಷವಾದ ಮೇಲೆ ಒಬ್ಬರ ಮುಖ ಪೂರ್ತಿ ನೋಡಿದೆ, ಬಾಯಿ ನೋಡಿ ಮಾತು ತಿಳಿದುಕೊಂಡೆ ಅಂದಳು. ತುಂಬಾ ಖುಷಿಯಾಗಿದ್ದಳು. ನಿಮಗೆ ಥ್ಯಾಂಕ್ಸ್ ಹೇಳಬೇಕಿತ್ತು.”

ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಪರವಾಗಿಲ್ಲ” ಎಂದೆ.