ಪೆಸಿಫಿಕ್‌ಗೆ ಹೊರಟ ಉಡಿ

ಮನುಷ್ಯನು ಬಾಳಿನಲ್ಲಿ ಒಮ್ಮೆಯಾದರೂ ಮಹಾಸಾಗರದ ಎದುರು ಏಕಾಂಗಿಯಾಗಿ ನಿಂತು ತನ್ನ ಅಲ್ಪತ್ವವನ್ನು ಅರಿಯಬೇಕು ಎಂದು ತಿಳಿದವರು ಹೇಳುತ್ತಾರೆ. ನಾನು ಅರಿತೆ. ನಿಲ್ಲುವುದೊಂದು ಆಗಲಿಲ್ಲ, ಮೊದಲ ಮೂರು ದಿನ ಬಿದ್ದೇ ಇದ್ದೆ.

ಪುಣೆಯ ಮಗರಪಟ್ಟಾದ ಒಂದು ಆಫೀಸಿನಲ್ಲಿ ಹದಿನೆಂಟು ವರ್ಷ ಸಾಹೇಬರುಗಳ ಪ್ರಯಾಣದ ಟಿಕೆಟ್ಟು ಕಾದಿರಿಸುವುದು ನನ್ನ ಕೆಲಸವಾಗಿತ್ತು. ಆಸ್ಟ್ರೇಲಿಯಾದ ಪೂರ್ವ ದಂಡೆಯ ಹೋಟೆಲುಗಳಲ್ಲಿ ಯಾವ ಕೋಣೆಯಿಂದ ಪೆಸಿಫಿಕ್ ಕಾಣುತ್ತದೆ, ಯಾವುದರಿಂದ ಅಡುಗೆಮನೆಯ ಹೊಗೆಗೂಡು ಕಾಣುತ್ತದೆ ಎಂಬುದು ನನಗೆ ಬಾಯಿಪಾಠ. ನಿವೃತ್ತಳಾದ ತಿಂಗಳಲ್ಲಿ ನನ್ನ ಹೆಸರಿಗೂ ಒಂದು ಟಿಕೆಟ್ಟು ಕಾದಿರಿಸಿದೆ. ಕಿಟಕಿ ಪಕ್ಕದ ಸೀಟು.

ಸ್ವಾರಗೇಟಿನ ಹಿಂದಿನ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ: ನಾನು, ಎಂಬತ್ತು ದಾಟಿದ ಅತ್ತೆ. ಸುದ್ದಿ ಹೇಳಿದಾಗ ಅವರು ಮೆಂತ್ಯ ಸೋಸುತ್ತಿದ್ದರು.

"ಒಬ್ಬಾಕೀನ ಏನು?"

"ಹೌದ್ರಿ ಅತ್ತಿ."

"ಅಲ್ಲೇನ ಮಾಡ್ತಿ?"

"ಹಲಿಗಿ ಮ್ಯಾಲ ನಿಂತು ತೆರಿ ಜೋಡಿ ದಂಡಿಗೆ ಬರೂದು ಕಲಸ್ತಾರ್ರಿ."

"ಸೀರಿ ಉಟಗೊಂಡ?"

ಕರೀ ರಬ್ಬರಿನ ಅಂಗಿ ಕೊಡುತ್ತಾರೆ, ಕತ್ತಿನಿಂದ ಕಾಲಿನವರೆಗೆ ಅದೇ ಎಂದೆ. "ಹಂಗಾರ ಭಾಳ ಛಲೋ ಆತು. ಯಾರೂ ಗುರ್ತ ಹಿಡ್ಯಂಗಿಲ್ಲ," ಎಂದು ಮತ್ತೆ ಮೆಂತ್ಯಕ್ಕೆ ಕೈಹಾಕಿದರು. ಇದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ಹೊರಡುವ ದಿನ ಮಣೆ ಹಾಕಿ ನನ್ನನ್ನು ಕೂಡಿಸಿದರು. ನಮ್ಮ ಬಾಗಲಕೋಟೆ ಕಡೆ ಮುತ್ತೈದೆ ಊರಿಗೆ ಹೊರಟರೆ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ಆ ಅಕ್ಕಿಯನ್ನು ಪಾಯಸ ಮಾಡಿ ಉಣ್ಣುವುದು ರೂಢಿ. ಗಂಡ ತೀರಿಕೊಂಡ ಒಂಬತ್ತು ವರ್ಷಗಳಲ್ಲಿ ನನ್ನ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ಹಾಕಬಾರದೆಂದು ಮೊದಲು ಹೇಳಿದವರೂ ಈ ಅತ್ತೆಯೇ.

"ನನಗ ತುಂಬಬಾರದಲ್ರಿ," ಎಂದೆ.

"ಸುಮ್ನ ಕೂಡು. ನಿಮ್ಮ ಮಾವ ಹ್ವಾದ ಮರುವರ್ಷ ನಾನೂ ಸಂತರ ಪಾಲಖಿ ಹಿಂದ ಸಾಸವಡತನಾ ಒಬ್ಬಾಕೀನ ನಡದೆ. ಹೊಂಟಾಗ ಯಾರೂ ಒಂದ ಹಿಡಿ ಅಕ್ಕಿ ಹಾಕಲಿಲ್ಲ. ದಾರಿ ತುಂಬ ಸೆರಗು ಹಗರ ಹಗರ ಅನಸ್ತಿತ್ತು."

ಐದು ಹಿಡಿ ಅಕ್ಕಿ ಹಾಕಿದರು. ಕಾಯಿ ಇಟ್ಟರು. ಗುಳೇದಗುಡ್ಡದ ಕೆಂಪು ಖಣ ಇಟ್ಟರು. ಅರಿಷಿಣದ ಕೊಂಬು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಡೆದರು. ಆಮೇಲೆ ಅದನ್ನೂ ಹಾಕಿದರು.

"ಅಕ್ಕಿ ತಿರುಗಿ ತಾ. ನೀ ಬಂದಮ್ಯಾಲ ಪಾಯಸ ಮಾಡೂಣು."

ಆ ದೇಶಕ್ಕೆ ಕಾಳುಕಡಿ ಒಯ್ಯಬಾರದೆಂದು ಹದಿನೆಂಟು ವರ್ಷ ಸಾಹೇಬರುಗಳಿಗೆ ಕೆಂಪು ಅಕ್ಷರದಲ್ಲಿ ಬರೆದುಕೊಟ್ಟವಳು ನಾನು. ಆದರೂ ಗಂಟನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟೆ. ಅದು ಅಕ್ಕಿಯೆಂದು ನನಗೆ ಹೊಳೆಯಲೇ ಇಲ್ಲ. ಅದು ಉಡಿ.

ವಿಮಾನದಲ್ಲಿ ಕೊಟ್ಟ ಚೀಟಿ ಓದುವಾಗ ಹೊಳೆಯಿತು. ಇದ್ದದ್ದನ್ನು ಇದ್ದಂತೆ ಬರೆದೆ. ಇಳಿದ ಮೇಲೆ ಒಬ್ಬ ದಪ್ಪನೆಯ ಅಧಿಕಾರಿಣಿ ಗಂಟು ಬಿಚ್ಚಿ, ಇದೇನು ಎಂದು ಕೇಳಿದಳು. ಆಫೀಸಿನ ಇಂಗ್ಲಿಷಿನಲ್ಲಿ ಉಡಿಯ ಶಾಸ್ತ್ರವನ್ನೆಲ್ಲ ವಿವರಿಸಿದೆ, ವಿಧವೆಯ ಪ್ರಕರಣವನ್ನೂ ಸೇರಿಸಿ. ಹಿಂದೆ ಸರದಿ ಬೆಳೆಯುತ್ತಿತ್ತು. ಆಕೆ ಪೂರ್ತಿ ಕೇಳಿದಳು.

"ಇದನ್ನು ಮಾಡಿದ್ದು ನಿಮ್ಮ ಅತ್ತೆಯೇ? ನನ್ನ ಅತ್ತೆ ಮದುವೆಗೇ ಬರಲಿಲ್ಲ," ಎಂದಳು.

ಆದರೆ ಕಾಯಿದೆ ಕಾಯಿದೆಯೇ. ಅಕ್ಕಿ, ಕಾಯಿ, ಕೊಂಬು ಹಳದಿ ಚೀಲಕ್ಕೆ ಹೋದವು. ಸುಡುತ್ತೇವೆ, ಕಸಕ್ಕೆ ಹಾಕುವುದಿಲ್ಲ ಎಂದು ಕೇಳದೆಯೇ ಹೇಳಿದಳು. ಖಣಕ್ಕೆ ಅಂಟಿದ್ದ ಕೊನೆಯ ಕಾಳನ್ನೂ ಆರಿಸಿ, ಮಡಿಚಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು. ಆ ಎರಡು ಕೈಗಳ ಋಣ ನನ್ನ ಮೇಲಿದೆ.

ದಂಡೆಯ ಮೇಲೆ ಆರು ದಿನ ಕಳೆದೆ. ಖಣವನ್ನು ತಲೆಗೆ ಬಿಗಿದು ಕಟ್ಟಿಕೊಂಡು ನೀರಿಗಿಳಿಯುತ್ತಿದ್ದೆ. ಹೀಗಾಗಿ ಅತ್ತೆ ಹೇಳಿದಂತೆ ಗುರುತು ಸಿಗದೆ ಉಳಿಯಲಿಲ್ಲ. ಕಲಿಸುವ ಮೇಡಂ ನಾನು ಬಿದ್ದಾಗಲೆಲ್ಲ "ಚೆನ್ನಾಗಿ ಬಿದ್ದಿರಿ" ಎನ್ನುತ್ತಿದ್ದರು. ನಾಲ್ಕನೆಯ ದಿನ ಒಂದು ಬಡ ತೆರೆ ನನ್ನ ಮೇಲೆ ಕರುಣೆಯಿಟ್ಟು ಬಂತು. ನಿಂತೆ. ನಾಲ್ಕು ಎಣಿಸುವಷ್ಟು ಹೊತ್ತು ನಿಂತಿದ್ದೆ. ದಂಡೆಯಲ್ಲಿ ಕುಳಿತಿದ್ದ ಅಪರಿಚಿತ ಮುದುಕರೊಬ್ಬರು ಎದ್ದು ಟೋಪಿ ತೆಗೆದರು. ನೀರು ಕುಡಿಯುತ್ತಲೇ ನಮಸ್ಕಾರ ಮಾಡಿದೆ.

ಸಂತೋಷವಾಯಿತು, ನಿಜ. ಆದರೆ ಸಂಜೆಯಾದರೆ ಅದೇ ಚಿಂತೆ: ಒಂಬತ್ತು ವರ್ಷದ ಮೇಲೆ ಆ ಮುದಿ ಕೈ ಮನಸ್ಸು ಗಟ್ಟಿ ಮಾಡಿ ಹಾಕಿದ ಅಕ್ಕಿ ಎಲ್ಲಿ ಎಂದರೆ ಏನು ಹೇಳಲಿ? ಪುಣೆಗೆ ಬಂದಿಳಿದು, ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಒಂದು ಪುಡಿಕೆ ಅಕ್ಕಿ ಕಟ್ಟಿಸಿಕೊಂಡು ಮೆಟ್ಟಿಲು ಹತ್ತಿದೆ.

ಅತ್ತೆ ಬಾಗಿಲು ತೆರೆದರು.

"ನಿಂತ್ಯಾ?"

"ಒಮ್ಮೆ ನಿಂತೆ ರೀ."

"ಅಕ್ಕಿ?"

ಚೀಲಕ್ಕೆ ಹೋದ ಕೈ ಹಾಗೇ ಹೊರಗೆ ಬಂತು. ನಡೆದದ್ದನ್ನು ಹೇಳಿದೆ.

"ಕಾಲಾಗ ತುಳದ್ರೇನು?"

"ಇಲ್ರಿ. ಸುಡ್ತೀವಿ ಅಂದ್ರು."

"ಅಂದ್ರ ಬೆಂಕಿಗೆ ಹೋತು. ನಾವೂ ಹೋಮಕ್ಕ ಅದನ್ನ ಮಾಡ್ತೀವಿ, ಮ್ಯಾಲ ದಕ್ಷಿಣಿ ಕೊಡ್ತೀವಿ." ಅವರ ಕಣ್ಣು ಚೀಲದ ಮೇಲಿತ್ತು. "ಆ ಪುಡಿಕ್ಯಾಗ ಏನದ?"

"ಕೆಳಗಿನ ಅಂಗಡಿ ಅಕ್ಕಿ ರೀ."

"ನನಗ ಸುಳ್ಳ ಹೇಳಾಕ ತಂದಿ?"

"ಹೌದ್ರಿ."

"ತಾ ಇಲ್ಲೆ. ಹಾಲು ಅದ, ಬೆಲ್ಲ ಅದ."

ಪಾಯಸ ಮಾಡಿ ಇಬ್ಬರೂ ಉಂಡೆವು. ಮರುವಾರ ಖಣವನ್ನು ಹೊಲಿಸಿದೆ. ಉಪ್ಪುನೀರಿಗೆ ಕುಗ್ಗಿದ್ದರಿಂದ ರವಿಕೆಯ ತೋಳು ಸ್ವಲ್ಪ ಬಿಗಿಯಾಗಿದೆ.