ಇಪ್ಪತ್ತು ಫಲಕ ಐದಾದದ್ದು

ಮುಂಬಯಿಯ ಜೋಗೇಶ್ವರಿಯ ಪಂಪು ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ಬರೆಯುತ್ತಿದ್ದವನು ನಾನು, ಲೆಕ್ಕ ಹೇಳುತ್ತಿದ್ದವರು ಮುರಿಗೆಪ್ಪ. ವಿಜಾಪುರದ ಕಡೆಯವರು, ಓದಿದ್ದು ನಾಲ್ಕನೇ ತರಗತಿ. ಹದಿನಾರು ವರ್ಷ ಬಿಲ್ಡಿಂಗುಗಳಿಗೆ ನೀರಿನ ಪಂಪು ಕೂಡಿಸಿದ್ದರು. ಮೋಟಾರಿನ ಮೇಲೆ ಅಂಗೈ ಇಟ್ಟು ಅದರ ಕಾಯಿಲೆ ಹೇಳುತ್ತಿದ್ದರು. ಯಾವ ಹೌಸಿಂಗ್ ಸೊಸೈಟಿಯವರು ಬಂದರೂ ಮುರಿಗೆಪ್ಪನವರ ಮೊದಲ ಪ್ರಶ್ನೆ ಒಂದೇ: “ನಿಮ್ಮಲ್ಲಿ ನೀರು ಎಷ್ಟ್ ತಾಸು ಇರ್ತದ್ರಿ?” ಹೆಚ್ಚಿನವರಿಗೆ ನಲ್ಲಿ ನೀರು ಬೆಳಿಗ್ಗೆ ಒಂದೇ ತಾಸು. ಅಷ್ಟರೊಳಗೆ ಮೇಲಿನ ಟ್ಯಾಂಕು ತುಂಬಿಸುವ ಪಂಪು ಬೇಕು.

1991ರ ಆರಂಭದಲ್ಲಿ ಪವಾಯಿಯಿಂದ ಸೇವಂತಿಯಮ್ಮ ಬಂದರು. ಉಡುಪಿಯವರು, ಗುಡ್ಡದ ಬುಡದಲ್ಲಿ ನರ್ಸರಿ ಮಾಡಿಕೊಂಡು ಹೋಟೆಲುಗಳಿಗೆ ಹೂಕುಂಡ ಕೊಡುತ್ತಿದ್ದರು. ಬಾವಿಯಿತ್ತು, ಕರೆಂಟಿನ ಕಂಬ ಇರಲಿಲ್ಲ. ದಿನಕ್ಕೆ ನಾಲ್ಕು ಸಾವಿರ ಲೀಟರ್ ಬೇಕು. ಗಂಡ ಹೆಂಡತಿ ಸೇದಿ ಸೇದಿ ಇಬ್ಬರ ಭುಜವೂ ಸೋತಿತ್ತು. ಬೇಸಿಗೆಯೊಳಗೆ ಸೋಲಾರ್ ಪಂಪು ಬರದಿದ್ದರೆ ನರ್ಸರಿ ಮುಚ್ಚುವುದೇ ಎಂದರು. ಅವರ ಬಳಿ ಇದ್ದದ್ದು ನಲವತ್ತು ಸಾವಿರ.

ಸೋಲಾರ್ ನಮಗೆ ಹೊಸದು. ಮುರಿಗೆಪ್ಪ ಬಿಲ್ಡಿಂಗುಗಳ ಲೆಕ್ಕದಲ್ಲೇ ಹೇಳಿದಂತೆ ಬರೆದೆ: ಒಂದು ಹಾರ್ಸ್‌ಪವರ್ ಪಂಪು, ಮೂವತ್ತೈದು ವ್ಯಾಟಿನ ಇಪ್ಪತ್ತು ಫಲಕ, ಒಂದಕ್ಕೆ ಏಳು ಸಾವಿರ. ಎಲ್ಲ ಸೇರಿ ಒಂದೂವರೆ ಲಕ್ಷ.

“ನಾನು ಕೇಳಿದ್ದು ಪಂಪು ಮಾರಾಯ್ರೆ, ವಿಮಾನ ಅಲ್ಲ!” ಎಂದು ಸೇವಂತಿಯಮ್ಮ ಎದ್ದು ಹೋದರು.

ಮುರಿಗೆಪ್ಪನವರಿಗೆ ಊಟ ಸೇರಲಿಲ್ಲ. ಮರುದಿನ ನನ್ನನ್ನೂ ಕರೆದುಕೊಂಡು ಪವಾಯಿಗೆ ಹೋದರು. ಹಗ್ಗ ಬಿಟ್ಟು ಬಾವಿ ಅಳೆದರು. ನೀರು ಐವತ್ತು ಅಡಿ ಕೆಳಗಿತ್ತು. ಆಮೇಲೆ ರೂಢಿಯಂತೆ ಕೇಳಿದರು, “ಅಕ್ಕಾರ, ಇಲ್ಲಿ ನೀರು ಎಷ್ಟ್ ತಾಸು ಇರ್ತದ್ರಿ?”

“ಬಾವಿ ನೀರು ಎಲ್ಲಿಗೆ ಹೋಗ್ತದೆ? ಅದಕ್ಕೆಂತ ಲೋಕಲ್ ಟ್ರೈನ್ ಹಿಡೀಲಿಕ್ಕುಂಟಾ?”

ಮುರಿಗೆಪ್ಪ ಕೈಯಲ್ಲಿದ್ದ ಹಗ್ಗ ಕೆಳಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ಹರೀರಿ ಆ ಎಸ್ಟಿಮೇಟಿನ ಹಾಳಿ! ಒಂದ್ ತಾಸಿನ್ಯಾಗ ತುಂಬಾಕ ಇದೇನ್ ಬಿಲ್ಡಿಂಗೇನು? ಚಲೋ ಬಿಸಿಲು ಐದ್ ತಾಸು ಸಿಗ್ತದ. ಸಾವಕಾಶ ಎತ್ತಲಿ” ಎಂದರು.

ಒಂದು ತಾಸಿನ ಕೆಲಸ ಐದು ತಾಸಿಗೆ ಹರಡಿದರೆ ಇಪ್ಪತ್ತು ಫಲಕದ ಜಾಗದಲ್ಲಿ ನಾಲ್ಕು ಸಾಕು. ಧೂಳು, ಮೋಡಕ್ಕೆಂದು ಅವರು ಇನ್ನೊಂದು ಸೇರಿಸಿದರು. ಐದಕ್ಕೆ ಮೂವತ್ತೈದು ಸಾವಿರ. ಸಣ್ಣ ಪಂಪು, ಪೈಪು, ಕೂಲಿಗೆ ಐದು ಸಾವಿರ.

“ಮಳೆಗಾಲದಲ್ಲಿ ಬಿಸಿಲು ಇಲ್ಲದಿದ್ರೆ?” ಸೇವಂತಿಯಮ್ಮ ಕೇಳಿದರು.

“ಮಳಿ ಬರೂವಾಗ ಗಿಡಕ್ಕ ನೀರ್ ಹಾಕ್ತೀರೇನ್ರಿ?”

ಮಾರ್ಚಿನಲ್ಲಿ ಪಂಪು ಕೂಡಿಸಿದೆವು. ಬೆಳಿಗ್ಗೆ ಒಂಬತ್ತಕ್ಕೆ ಬೆರಳಿನಷ್ಟು ನೀರು ಬಂತು. “ಇಷ್ಟು ಸಪೂರವಾ?” ಎಂದು ಸೇವಂತಿಯಮ್ಮ ಮತ್ತೆ ನೀರು ಸೇದಲು ಕೊಡಪಾನ ಹುಡುಕತೊಡಗಿದರು. ಮುರಿಗೆಪ್ಪ ನರ್ಸರಿಯ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತರು. ಮಧ್ಯಾಹ್ನ ಧಾರೆ ದಪ್ಪವಾಯಿತು. ಮೂರೂವರೆಗೆ ಟ್ಯಾಂಕು ತುಂಬಿ ಹರಿದು ಕಟ್ಟೆಯ ಮೇಲಿದ್ದ ಮುರಿಗೆಪ್ಪನವರ ಪ್ಯಾಂಟು ಒದ್ದೆಯಾಯಿತು.

“ಸಾಕು, ನಿಲ್ಲಿಸಿ, ನಿಲ್ಲಿಸಿ!” ಸೇವಂತಿಯಮ್ಮ ಕೂಗಿದರು.

ಎಸ್ಟಿಮೇಟಿನಲ್ಲಿ ಸ್ವಿಚ್ಚು ಬರೆದೇ ಇರಲಿಲ್ಲ. ಮುರಿಗೆಪ್ಪ ಓಡಿಹೋಗಿ ಗೊಬ್ಬರದ ಚೀಲಗಳನ್ನು ತಂದು ಫಲಕಗಳಿಗೆ ಹೊದಿಸಿದರು. ಬಿಸಿಲು ತಪ್ಪಿ ನೀರು ನಿಂತಿತು.

“ಇದಕ್ಕೆಷ್ಟು ಚಾರ್ಜು?” ಸೇವಂತಿಯಮ್ಮ ನಗು ತಡೆದು ಕೇಳಿದರು.

“ಚೀಲ ನಿಮ್ದ ಅದಾವಲ್ರಿ. ಪುಕ್ಕಟೆ.”